ಐಐಎಂ ಕ್ಯಾಂಪಸ್‌ಗೆ ರೂಪ ಕೊಟ್ಟ ವಾಸ್ತುಶಿಲ್ಪಿ ಲೂಯಿ ಕಾನ್

ಕೈಗೆ ಬಂದ ದೊಡ್ಡ ಕೆಲಸವನ್ನು ತನಗಿಂತ ಹೆಚ್ಚು ಅನುಭವ ಉಳ್ಳವರಿಗೆ ಬಿಟ್ಟುಕೊಡುವವರು ವಿರಳ. 1962ರಲ್ಲಿ ಅಹಮದಾಬಾದಿನಲ್ಲಿ ಅಂಥದ್ದೊಂದು ಘಟನೆ ನಡೆಯಿತು. ವಿಜ್ಞಾನಿ ಡಾ| ವಿಕ್ರಮ್ ಸಾರಾಭಾಯಿ, ಗಿರಣಿ ಉದ್ಯಮಿ ಕಸ್ತೂರಭಾಯಿ ಲಾಲ್‌ಭಾಯಿ ಮೊದಲಾದವರ ಮುತುವರ್ಜಿಯಿಂದ ಹಿಂದಿನ ವರ್ಷವಷ್ಟೇ ಸ್ಥಾಪನೆಗೊಂಡಿದ್ದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ಗೆ (ಐಐಎಂ) ಸ್ವಂತ ಕ್ಯಾಂಪಸ್ ಆಗಬೇಕಿತ್ತು. ಪುಣೆಯಲ್ಲಿ ಹುಟ್ಟಿ ಅಹಮದಾಬಾದಿನಲ್ಲಿ ನೆಲೆಸಿದ್ದ ಯುವ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರನ್ನು ಅದರ ಹೊಣೆ ಹೊರುವಂತೆ ಕೇಳಲಾಯಿತು. ದೋಶಿಯವರಿಗೆ ಆಗ 35ರ ಆಸುಪಾಸಿನ ಪ್ರಾಯ. ಅವರು ತಾನೇ ಮುಂದಾಗದೆ, ಇಂಥ ಕೆಲಸಕ್ಕೆ ಅಮೆರಿಕದ ಹಿರಿಯ ವಾಸ್ತುಶಿಲ್ಪಿ ಲೂಯಿ ಕಾನ್ ಅವರನ್ನು ಕರೆಸಬೇಕೆಂದು ಸೂಚಿಸಿದರು. ಆಡಳಿತದವರೂ ಒಪ್ಪಿದರು. ಇಂದು ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳು ನೋಡಲು ಬರುವ ಕ್ಯಾಂಪಸ್ ಮೈದಳೆದದ್ದು ಹೀಗೆ.

ಕಾನ್ ಅವರು 1901ರ ಫೆಬ್ರವರಿ 20ರಂದು, ಅಂದು ರಶ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ಟೋನಿಯಾದ ಬಡ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲೇ ಒಲೆಯ ಕೆಂಡದ ಹೊಳಪಿಗೆ ಮರುಳಾಗಿ ಅದನ್ನು ಎತ್ತಿಕೊಳ್ಳಲು ಹೋಗಿ ಮುಖ, ಕೈ ಸುಟ್ಟುಕೊಂಡರು. ಆ ಕಲೆ ಕೊನೆಯವರೆಗೂ ಮಾಸಲಿಲ್ಲ. 1906ರಲ್ಲಿ ಕುಟುಂಬ ಅಮೆರಿಕದ ಫಿಲಡೆಲ್ಫಿಯಾಕ್ಕೆ ವಲಸೆ ಹೋಯಿತು. ಹೊಟ್ಟೆಪಾಡಿಗಾಗಿ ಪರವೂರು ಸೇರಿದವರ ಕಷ್ಟ ಮುಂಬಯಿ, ಪುಣೆಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಬಾಲಕ ಕಾನ್ ಮೂಕಿ ಸಿನೆಮಾ ಮಂದಿರಗಳಲ್ಲಿ ಪಿಯಾನೋ ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತ ಓದು ಮುಂದುವರಿಸಿದರು. ಚಿತ್ರಕಲೆಯಲ್ಲಿ ಪ್ರವೀಣರಾಗಿದ್ದ ಅವರು ಹೈಸ್ಕೂಲಿನ ಕೊನೆಯ ವರ್ಷದಲ್ಲಿ ವಾಸ್ತುಶಿಲ್ಪದ ಪಾಠಕ್ಕೆ ಮನಸೋತು ಅದನ್ನೇ ಆರಿಸಿಕೊಂಡರು. 1924ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಪದವಿ ಪಡೆದರು.

ಪದವಿ ಸಿಕ್ಕಿತೆಂದು ಯಶಸ್ಸು ಓಡಿ ಬರಲಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಕಳೆದ ದಿನಗಳೂ ಇದ್ದವು. ಪತ್ನಿ ಎಸ್ತರ್ ಅವರ ಸಂಬಳವೇ ಆಗ ಸಂಸಾರಕ್ಕೆ ಆಧಾರ. ಬಳಿಕ ಕಾರ್ಮಿಕರ ವಸತಿ ಯೋಜನೆಗಳಲ್ಲಿ ದುಡಿದರು. 1947ರಿಂದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. 50ರ ಹರೆಯದ ಹೊತ್ತಿಗೆ ಇಟಲಿ, ಗ್ರೀಸ್, ಈಜಿಪ್ಟ್‌ಗಳಲ್ಲಿ ಸಂಚರಿಸಿ ಪುರಾತನ ಕಟ್ಟಡಗಳನ್ನು ಕಣ್ಣಾರೆ ಕಂಡದ್ದು ಅವರ ದೃಷ್ಟಿಯನ್ನೇ ಬದಲಿಸಿತು. ಯೇಲ್ ಆವರಣದಲ್ಲಿ ಅವರು ಕಟ್ಟಿದ ಕಲಾ ಸಂಗ್ರಹಾಲಯ 1953ರಲ್ಲಿ ತೆರೆದಾಗಲೇ ಅವರ ಹೆಸರು ಎಲ್ಲೆಡೆ ಕೇಳಿಬಂತು. ಆಗ ಅವರ ವಯಸ್ಸು 52.

ಅನುಭವವೆಂದರೆ ಬರೀ ವಯಸ್ಸಲ್ಲ, ತಪ್ಪಿನಿಂದ ಕಲಿಯುವುದು ಎಂಬುದಕ್ಕೆ ಅವರ ಮುಂದಿನ ಎರಡು ಕೆಲಸಗಳೇ ಸಾಕ್ಷಿ. ತಾನು ಕಲಿತ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಕ್ಕೆ ಅವರು ರಿಚರ್ಡ್ಸ್ ವೈದ್ಯಕೀಯ ಸಂಶೋಧನಾ ಕಟ್ಟಡವನ್ನು ನಿರ್ಮಿಸಿಕೊಟ್ಟರು. ಹೊರಗಿನವರು ಅದರ ಗೋಪುರಗಳನ್ನು ಹೊಗಳಿದರು. ಆದರೆ ಒಳಗೆ ದುಡಿಯುವ ವಿಜ್ಞಾನಿಗಳಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಜಾಗ ಇಕ್ಕಟ್ಟಾಗಿತ್ತು. ಕಿಟಕಿಗಳಿಗೆ ಹಾಳೆ ಅಂಟಿಸಿಕೊಂಡು ಕೆಲಸ ಮಾಡಬೇಕಾಯಿತು. 1959ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಶೋಧನಾ ಸಂಸ್ಥೆಯ ಕೆಲಸ ಬಂದಾಗ ಕಾನ್ ಈ ದೂರುಗಳನ್ನು ಮರೆಯಲಿಲ್ಲ. ಪ್ರಯೋಗಾಲಯಗಳ ನಡುವೆ ಒಂದೂ ಕಂಬ ಬಾರದಂತೆ ಮಾಡಿದರು. ಪೈಪು, ತಂತಿಗಳಿಗೆಂದೇ ಆಳೆತ್ತರದ ಪ್ರತ್ಯೇಕ ಅಂತಸ್ತುಗಳನ್ನು ಇರಿಸಿದರು. ವಿಜ್ಞಾನಿಗಳು ಕುಳಿತು ಚಿಂತಿಸಲು ಸಮುದ್ರದತ್ತ ಮುಖ ಮಾಡಿದ ಕೊಠಡಿಗಳನ್ನೂ ಕೊಟ್ಟರು.

ಇಷ್ಟನ್ನು ಕಲಿತ ಕಾನ್ 61ರ ಪ್ರಾಯದಲ್ಲಿ ಅಹಮದಾಬಾದಿಗೆ ಬಂದರು. ಸಿಮೆಂಟು, ಉಕ್ಕು ದುಬಾರಿಯಾಗಿದ್ದ ಕಾಲವದು. ಇಟ್ಟಿಗೆ ಮಾತ್ರ ಸ್ಥಳೀಯವಾಗಿ ದೊರೆಯುತ್ತಿತ್ತು. ಅಮೆರಿಕದ ಪದ್ಧತಿಯನ್ನು ಹೇರದೆ ಅವರು ಇಟ್ಟಿಗೆಯನ್ನೇ ಆರಿಸಿಕೊಂಡರು. ದೊಡ್ಡ ಕಮಾನುಗಳು, ಅವುಗಳ ಬುಡವನ್ನು ಹಿಡಿದಿಡುವ ಕಾಂಕ್ರೀಟ್ ಪಟ್ಟಿಗಳು, ಗೋಡೆಯಲ್ಲಿ ಆಳೆತ್ತರ ಮೀರಿದ ವೃತ್ತಾಕಾರದ ತೆರಪುಗಳು, ಬಿಸಿಲನ್ನು ಹೊರಗಿಟ್ಟು ಗಾಳಿಯನ್ನು ಒಳಬಿಡುವ ಆಳವಾದ ಮೊಗಸಾಲೆಗಳು ಅಲ್ಲಿ ಎದ್ದುನಿಂತವು. ಕಲಿಕೆ ತರಗತಿಯೊಳಗಷ್ಟೇ ನಡೆಯುವುದಿಲ್ಲ, ಓಣಿಯಲ್ಲಿ, ಮೆಟ್ಟಿಲಲ್ಲಿ, ಅಂಗಳದಲ್ಲಿ ಎದುರು ಸಿಕ್ಕಾಗಿನ ಮಾತುಕತೆಯಲ್ಲೂ ನಡೆಯುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ತರಗತಿ, ಗ್ರಂಥಾಲಯ, ವಿದ್ಯಾರ್ಥಿ ನಿಲಯಗಳ ನಡುವೆ ಸುಮ್ಮನೆ ನಿಂತು ಹರಟಲು ಜಾಗ ಬಿಟ್ಟರು.

ಕೆಲಸ ಶೀಘ್ರವಾಗಿ ಸಾಗಲಿಲ್ಲ ಎಂಬುದೂ ನಿಜ. ಒಮ್ಮೆ ಬರೆದ ನಕ್ಷೆಯನ್ನು ಮತ್ತೆ ಮತ್ತೆ ತಿದ್ದುವುದು ಕಾನ್ ಅವರ ಸ್ವಭಾವ. ಅದೇ ವರ್ಷಗಳಲ್ಲಿ ಢಾಕಾದ ಸಂಸತ್ ಭವನದ ಹೊಣೆಯೂ ಅವರ ಮೇಲಿತ್ತು. ಫಿಲಡೆಲ್ಫಿಯಾ ಎಲ್ಲಿ, ಅಹಮದಾಬಾದ್ ಎಲ್ಲಿ! ಈ ದೂರವನ್ನು ತುಂಬಿದವರು ಸ್ಥಳದಲ್ಲೇ ಇದ್ದ ದೋಶಿ ಮತ್ತು ಕಾನ್ ಅವರ ಕಚೇರಿಯಲ್ಲಿ ಪಳಗಿ ಬಂದ ಅನಂತ ರಾಜೆ. ಹೊರಗಿನ ಹಿರಿಯರ ನಾಯಕತ್ವ, ಊರಿನ ಕಿರಿಯರ ದುಡಿಮೆ ಎರಡೂ ಕೂಡಿದ್ದರಿಂದಲೇ ಕೆಲಸ ನಿಂತುಹೋಗಲಿಲ್ಲ.

1974ರ ಮಾರ್ಚ್‌ನಲ್ಲಿ ಅಹಮದಾಬಾದಿನಿಂದ ಮರಳುತ್ತಿದ್ದ ಕಾನ್ ಅವರು 17ರಂದು ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದಲ್ಲಿ ಹೃದಯಾಘಾತದಿಂದ ನಿಧನ ಹೊಂದಿದರು. ಅವರಿಗೆ 73 ವರ್ಷವಾಗಿತ್ತು. ಜಗದ್ವಿಖ್ಯಾತ ವಾಸ್ತುಶಿಲ್ಪಿಯ ಪಾರ್ಥಿವ ಶರೀರ ಸುಮಾರು ಎರಡು ದಿನ ವಾರಸುದಾರರಿಲ್ಲದೆ ಶವಾಗಾರದಲ್ಲಿ ಉಳಿಯಿತು. ಅವರ ಕಚೇರಿಯ ಮೇಲೆ ಲಕ್ಷಾಂತರ ಡಾಲರ್ ಸಾಲವಿತ್ತು. ಹಲವರಿಗೆ ಭವ್ಯ ಕಟ್ಟಡಗಳನ್ನು ಕೊಟ್ಟವರು ತಮಗಾಗಿ ಏನನ್ನೂ ಕೂಡಿಡಲಿಲ್ಲ. ಉಳಿದ ಕೆಲಸವನ್ನು ಅನಂತ ರಾಜೆ ಮುಂದುವರಿಸಿದರು.

ಕಾನ್ ಅವರ ಜತೆಗಿನ ಒಡನಾಟದ ಫಲ ಕರ್ನಾಟಕಕ್ಕೂ ದಕ್ಕಿತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ಸನ್ನು ರೂಪಿಸಿದವರು ಅದೇ ದೋಶಿ. ಅಲ್ಲಿ ಇಟ್ಟಿಗೆಯ ಬದಲು ನಮ್ಮ ನೆಲದ ಕಲ್ಲು, ಕಮಾನಿನ ಬದಲು ಹಸಿರು ಬಳ್ಳಿ ಹಬ್ಬಿದ ಓಣಿಗಳಿವೆ. 2009ರ ಹಿಂದಿ ಚಿತ್ರ ತ್ರೀ ಈಡಿಯಟ್ಸ್ ನೋಡಿದವರಿಗೆ ಆ ಓಣಿಗಳ ಪರಿಚಯವಿದೆ. ಅಂದು ಹಿರಿಯರಿಗೆ ದಾರಿ ಬಿಟ್ಟುಕೊಟ್ಟ ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪ್ರಾಪ್ತವಾಯಿತು. ಭಾರತೀಯರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. 2023ರಲ್ಲಿ ಅವರು ಅಗಲಿದರು.

ಕಟ್ಟಿದ್ದನ್ನು ಕಾಪಾಡುವುದೂ ಕಟ್ಟುವಷ್ಟೇ ಕಷ್ಟ. ಅಹಮದಾಬಾದಿನಲ್ಲಿ ಇಟ್ಟಿಗೆಗಳು ಸವೆದವು, ನೀರು ಸೋರಿತು, 2001ರ ಭೂಕಂಪದ ಪೆಟ್ಟೂ ಬಿತ್ತು. ಮುಂಬಯಿಯ ವಾಸ್ತುಶಿಲ್ಪಿ ಬೃಂದಾ ಸೋಮಯ ಅವರ ತಂಡ ಜೀರ್ಣೋದ್ಧಾರ ಮಾಡಿದ ಅಲ್ಲಿನ ವಿಕ್ರಮ್ ಸಾರಾಭಾಯಿ ಗ್ರಂಥಾಲಯಕ್ಕೆ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. ಆದರೆ 2020ರ ಡಿಸೆಂಬರ್‌ನಲ್ಲಿ 18 ವಿದ್ಯಾರ್ಥಿ ನಿಲಯಗಳ ಪೈಕಿ 14ನ್ನು ಕೆಡವಿ ಹೊಸತು ಕಟ್ಟುವ ಪ್ರಸ್ತಾಪ ಹೊರಬಿತ್ತು. ದೇಶ ವಿದೇಶಗಳ ವಿರೋಧದ ಬಳಿಕ 2021ರ ಜನವರಿಯಲ್ಲಿ ಅದನ್ನು ಹಿಂದೆಗೆದುಕೊಳ್ಳಲಾಯಿತು. ಮುಂದೆ 2022ರಲ್ಲಿ ಪುನರ್ನಿರ್ಮಾಣದ ಮಾತು ಮತ್ತೆ ಎದ್ದಿತು.

ಹೊರನಾಡಿನಲ್ಲಿ ಶಾಲೆ, ಕಾಲೇಜು, ಭವನ ಕಟ್ಟಲು ಮುಂದಾಗುವ ನಮ್ಮ ಸಂಘ ಸಂಸ್ಥೆಗಳ ಹಣ ಸದಸ್ಯರ ಬೆವರಿನ ಹಣ. ಆ ಹಣ ಯಾರ ಕೈಯಲ್ಲಿ ಕಟ್ಟಡವಾಗುತ್ತದೆ ಎಂಬುದು ಸಣ್ಣ ವಿಷಯವಲ್ಲ. ಕಡಿಮೆ ದರ ನೋಡಿ ಆರಿಸುವ ಮುನ್ನ, ಮೊದಲು ಕಟ್ಟಿದ್ದರಲ್ಲಿ ಏನು ತಪ್ಪಿತು, ಅದರಿಂದ ಏನು ಕಲಿತರು ಎಂದು ಕೇಳುವುದು ಒಳಿತು. ಅಂಥ ಅನುಭವಿಯ ಜತೆ ನಮ್ಮ ನಾಲ್ಕು ಯುವಕ ಯುವತಿಯರನ್ನೂ ದುಡಿಯಲು ಬಿಟ್ಟರೆ, ಕಟ್ಟಡದ ಜತೆಗೆ ಕಟ್ಟುವ ವಿದ್ಯೆಯೂ ನಮ್ಮಲ್ಲಿ ಉಳಿಯುತ್ತದೆ.