ಎಂಬತ್ತೇಳನೆಯ ವಯಸ್ಸಿನಲ್ಲಿ ಮತ ಕೇಳಿದ ಕಾರಂತಜ್ಜ

ಹೆಸರು ಮಾಡಿದವರು ಪರಿಸರದ ಬಗ್ಗೆ ಮಾತನಾಡಿದರೆ ಇಂದು ಅದು ದೊಡ್ಡ ಸುದ್ದಿ. 2016ರಲ್ಲಿ ಹಾಲಿವುಡ್ ನಟ ಲಿಯೊನಾರ್ಡೊ ಡಿಕಾಪ್ರಿಯೊ ಆಸ್ಕರ್ ಪ್ರಶಸ್ತಿ ಪಡೆಯುವಾಗ ವೇದಿಕೆಯ ಮೇಲೇ ಹವಾಮಾನ ಬದಲಾವಣೆಯ ವಿಷಯ ಎತ್ತಿದರು. ಆ ಮಾತು ನಮ್ಮ ಮೊಬೈಲ್‌ಗಳವರೆಗೂ ಬಂತು. ಆದರೆ ಅದಕ್ಕೂ 27 ವರ್ಷ ಮೊದಲು, ಜ್ಞಾನಪೀಠ ಪಡೆದ ಕನ್ನಡದ ಲೇಖಕರೊಬ್ಬರು ಕಾಡು ಮತ್ತು ಹೊಳೆಯ ಸಲುವಾಗಿ ಲೋಕಸಭಾ ಚುನಾವಣೆಗೇ ನಿಂತಿದ್ದರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಪಠ್ಯಪುಸ್ತಕದಲ್ಲಿ ನಾವು ಕಾದಂಬರಿಕಾರರೆಂದು ಓದುವ ಡಾ. ಕೆ. ಶಿವರಾಮ ಕಾರಂತರೇ ಅವರು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ಹುಡುಗ ಗಾಂಧೀಜಿಯವರ ಅಸಹಕಾರ ಚಳವಳಿಯ ಸೆಳೆತಕ್ಕೆ ಸಿಕ್ಕಿ ಓದು ಬಿಟ್ಟು ಖಾದಿ ಪ್ರಚಾರಕ್ಕೆ ಹೊರಟ. ಆಮೇಲೆ ಪುತ್ತೂರಿನಲ್ಲಿ ನೆಲೆಸಿ ‘ಬಾಲವನ’ ಕಟ್ಟಿದರು. ಮಕ್ಕಳಿಗೆ ಆಟದ ಮೂಲಕ ಪಾಠ ಹೇಳುವ ಪ್ರಯೋಗ ಮಾಡಿದರು. 1933ರಲ್ಲಿ ‘ಚೋಮನ ದುಡಿ’, 1941ರಲ್ಲಿ ‘ಮರಳಿ ಮಣ್ಣಿಗೆ’, 1943ರಲ್ಲಿ ‘ಬೆಟ್ಟದ ಜೀವ’, 1968ರಲ್ಲಿ ‘ಮೂಕಜ್ಜಿಯ ಕನಸುಗಳು’. ಕಾದಂಬರಿಗಳೇ ನಲವತ್ತಕ್ಕೂ ಹೆಚ್ಚು. ಅದಲ್ಲದೆ ಮಕ್ಕಳಿಗಾಗಿ ವಿಶ್ವಕೋಶ, ವಿಜ್ಞಾನದ ಸಂಪುಟಗಳು, ಮೂಕಿ ಸಿನಿಮಾ, ಯಕ್ಷಗಾನ. ಮುದಿವಯಸ್ಸಿನಲ್ಲೂ ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದವರು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. ಇದೆಲ್ಲ ಪರೀಕ್ಷೆಗೆ ಬರುವ ಭಾಗ, ಇಷ್ಟಕ್ಕೆ ಸಾಕು.

‘ಬೆಟ್ಟದ ಜೀವ’ದ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ಅದರ ಗೋಪಾಲಯ್ಯ ಘಟ್ಟದ ತಪ್ಪಲಿನ ಕಾಡಿನ ನಡುವೆ ತೋಟ ಎಬ್ಬಿಸಿದ ಮನುಷ್ಯ. ಹುಲಿ, ಆನೆ, ಮಳೆ ಎಲ್ಲದರ ಜೊತೆ ಗುದ್ದಾಡುವ ಆ ಅಜ್ಜನನ್ನು ಕಾರಂತರು ಮೆಚ್ಚಿಕೊಂಡೇ ಬರೆದಿದ್ದಾರೆ. ಅಂದರೆ ಅವರು ಕಾಡನ್ನು ಮನುಷ್ಯರಿಲ್ಲದ ದೇವರ ಗುಡಿಯಂತೆ ನೋಡಿದವರಲ್ಲ. ಜನ ಅಲ್ಲಿ ಬದುಕುತ್ತಾರೆ, ಅಲ್ಲಿಂದ ಸೊಪ್ಪು, ಸೌದೆ ತರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಈ ಕಥೆಯನ್ನು ಪಿ. ಶೇಷಾದ್ರಿ ಸಿನಿಮಾ ಮಾಡಿದಾಗ ಅದಕ್ಕೆ 58ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಬಂತು.

ಪರಿಸರದ ಕೆಲಸಕ್ಕೆ ಅವರು ಪೂರ್ತಿಯಾಗಿ ಇಳಿದದ್ದು ಎಂಬತ್ತರ ಸುಮಾರಿಗೆ. ಬೇರೆಯವರು ಸನ್ಮಾನ ಮಾಡಿಸಿಕೊಂಡು ಮನೆಯಲ್ಲಿ ಕೂರುವ ವಯಸ್ಸು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ಭಾರತದ ಪರಿಸರದ ಸ್ಥಿತಿ ಕುರಿತು ನಾಗರಿಕರ ವರದಿಯೊಂದನ್ನು ಹೊರತಂದಿತು. ಕಾರಂತರು ಅದನ್ನು ಕನ್ನಡಕ್ಕೆ ತಂದರು. ಅಂಕಿ-ಅಂಶ, ಕೋಷ್ಟಕಗಳಿಂದ ತುಂಬಿದ ಪುಸ್ತಕ ಅದು. ಜ್ಞಾನಪೀಠ ಪಡೆದವರೊಬ್ಬರು ಅಂಥದನ್ನು ಅನುವಾದಿಸಲು ಕೂತದ್ದು ನನಗಂತೂ ಅವರ ಭಾಷಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ವಿಷಯ ಕನ್ನಡದಲ್ಲಿ ಇಲ್ಲದಿದ್ದರೆ ಹಳ್ಳಿಯ ಮನುಷ್ಯ ಯಾವುದನ್ನು ಹಿಡಿದು ವಾದ ಮಾಡಬೇಕು?

ಆ ವಾದ ಬೇಗನೇ ಬೇಕಾಯಿತು, ಅದೂ ನಮ್ಮ ಉತ್ತರ ಕರ್ನಾಟಕದಲ್ಲಿ. ತುಂಗಭದ್ರೆಯ ದಂಡೆಯ ಮೇಲೆ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ರೇಯಾನ್ ಬಟ್ಟೆಗೆ ಬೇಕಾದ ಮರದ ತಿರುಳು ಮಾಡುವುದು ಅದರ ಕೆಲಸ. ಅದಕ್ಕೆ ನೀಲಗಿರಿ ಮರ ಬೇಕು. 1984ರಲ್ಲಿ ಸರ್ಕಾರ ಈ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿತು. ಸುಮಾರು 30,000 ಹೆಕ್ಟೇರ್ ಜಮೀನನ್ನು ನೀಲಗಿರಿ ಬೆಳೆಯಲು ಕೊಡುವ ಒಪ್ಪಂದವಾಯಿತು. ಕಾಗದದ ಮೇಲೆ ಅದು ಪಾಳು ಭೂಮಿ. ಆದರೆ ಅದೇ ಊರಿನವರ ದನ ಮೇಯುವ ಗೋಮಾಳ, ಬಡವರು ಒಲೆಗೆ ಪುಳ್ಳೆ ತರುವ ಜಾಗ. ಹೊಲ ಇಲ್ಲದವನಿಗೆ ಎರಡು ಕುರಿ ಸಾಕಲು ಅದೊಂದೇ ಆಸರೆ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠ ಅವರ ನೇತೃತ್ವದಲ್ಲಿ, ಇದರ ವಿರುದ್ಧ ಹಳ್ಳಿ ಹಳ್ಳಿ ತಿರುಗಿತು. 1986ರ ಕೊನೆಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅರ್ಜಿದಾರರಲ್ಲಿ ಕಾರಂತರೂ ಒಬ್ಬರು. ಮರುವರ್ಷ ಕೋರ್ಟು ತಡೆಯಾಜ್ಞೆ ಕೊಟ್ಟಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿ ಕೀಳುವುದು, ಅದೇ ಜಾಗದಲ್ಲಿ ಜನರಿಗೆ ಉಪಯೋಗವಾಗುವ ಗಿಡ ಹಚ್ಚುವುದು. ಕೊನೆಗೆ 1991ರಲ್ಲಿ ಆ ಜಂಟಿ ಸಂಸ್ಥೆಯೇ ಮುಚ್ಚಿತು. ಗೆಲುವಿನ ಶ್ರೇಯವೆಲ್ಲ ಕಾರಂತರಿಗೆ ಕೊಡುವುದು ಸರಿಯಲ್ಲ. ಸಸಿ ಕಿತ್ತವರು ಹಳ್ಳಿಯವರು. ಆದರೆ ಕಾರ್ಖಾನೆಯ ಎದುರು ಗೋಮಾಳದ ರೈತನ ಹೆಸರಿನ ಪಕ್ಕದಲ್ಲಿ ನಾಡೆಲ್ಲ ಓದಿದ ಲೇಖಕರ ಹೆಸರು ಇದ್ದಾಗ, ಅರ್ಜಿಯನ್ನು ಪಕ್ಕಕ್ಕೆ ಸರಿಸುವುದು ಅಷ್ಟು ಸುಲಭವಲ್ಲ.

ಕೈಗಾದಲ್ಲಿ ಹೀಗಾಗಲಿಲ್ಲ. ಕಾಳಿ ನದಿ ಜೋಯಿಡಾದ ಕಡೆ ಹುಟ್ಟಿ ಕಾರವಾರದ ಹತ್ತಿರ ಸಮುದ್ರ ಸೇರುವ 184 ಕಿಲೋಮೀಟರ್ ಉದ್ದದ ಹೊಳೆ. ಅದಕ್ಕೆ ಕಟ್ಟಿದ ಸೂಪಾ ಅಣೆಕಟ್ಟಿನಲ್ಲಿ ಸೂಪಾ ಊರೇ ಮುಳುಗಿದೆ. ಅದೇ ಹೊಳೆಯ ದಂಡೆಯಲ್ಲಿ, ದಟ್ಟ ಕಾಡಿನ ನಡುವೆ, ಅಣು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಕಾರಂತರು ಊರೂರು ತಿರುಗಿ ವಿರೋಧಿಸಿದರು. 1986ರಲ್ಲಿ ಚೆರ್ನೋಬಿಲ್ ದುರಂತ ನಡೆದಿದ್ದರಿಂದ ಜನರಲ್ಲೂ ಭಯ ಇತ್ತು. ಭಾಷಣದಿಂದ ಆಗದು ಎನಿಸಿದಾಗ 1989ರ ಲೋಕಸಭಾ ಚುನಾವಣೆಯಲ್ಲಿ ಕಾರವಾರದ ಕಡೆಯಿಂದ ಪಕ್ಷೇತರರಾಗಿ ನಿಂತರು. ಆಗ ಅವರಿಗೆ 87 ವರ್ಷ. ಬೆನ್ನಿಗೆ ಪಕ್ಷ ಇಲ್ಲ, ಜಾತಿಯ ಲೆಕ್ಕ ಇಲ್ಲ. ಐವತ್ತು ಸಾವಿರಕ್ಕೂ ಹೆಚ್ಚು ಜನ ಮತ ಹಾಕಿದರು, ಆದರೂ ಸೋತರು. ಅವರ ಪುಸ್ತಕ ಓದಿದವರೆಲ್ಲ ಮತ ಹಾಕಲಿಲ್ಲ, ಮತ ಹಾಕಿದವರೆಲ್ಲ ಪುಸ್ತಕ ಓದಿದವರೂ ಆಗಿರಲಿಕ್ಕಿಲ್ಲ. ಇಂದಿನ ಉತ್ತರ ಕನ್ನಡ ಕ್ಷೇತ್ರದಲ್ಲಿ ನಮ್ಮ ಜಿಲ್ಲೆಯ ಖಾನಾಪುರ, ಕಿತ್ತೂರು ಕೂಡ ಸೇರಿವೆ, ಆದ್ದರಿಂದ ಇದು ತೀರ ದೂರದ ಕಥೆಯೇನಲ್ಲ.

1994ರಲ್ಲಿ, ಕಟ್ಟುತ್ತಿರುವಾಗಲೇ ಸ್ಥಾವರದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಒಳಗೆ ಇಂಧನ ಇನ್ನೂ ತುಂಬಿರಲಿಲ್ಲ. ಆದರೂ ಕೆಲಸ ಮುಂದುವರಿಯಿತು. ಈಗ ಅಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರಲ್ಲಿ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು.

ಇಲ್ಲಿ ವಿಜ್ಞಾನ ವಿಭಾಗದ ಗೆಳೆಯರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ಕಲ್ಲಿದ್ದಲು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಅಣು ವಿದ್ಯುತ್ತಿನಲ್ಲಿ ಅದು ತೀರ ಕಡಿಮೆ. ಹಾಗಾದರೆ ಹವಾಮಾನದ ದೃಷ್ಟಿಯಿಂದ ಕಾರಂತರು ತಪ್ಪು ಕಡೆ ನಿಂತಿದ್ದರೇ? ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಹುಟ್ಟಿದ್ದೇ 1988ರಲ್ಲಿ. ಆ ಚುನಾವಣೆಯ ಹೊತ್ತಿಗೆ ಈ ಲೆಕ್ಕ ಸಾಮಾನ್ಯ ಜನರ ಮುಂದೆ ಇರಲೇ ಇಲ್ಲ. ಲೆಕ್ಕ ಗೊತ್ತಿದ್ದರೂ ಕೈಗಾ ವಿರೋಧಿಗಳ ಪ್ರಶ್ನೆಗಳು ಮುಗಿಯುತ್ತಿರಲಿಲ್ಲ. ಉರಿದ ಇಂಧನವನ್ನು ಸಾವಿರಾರು ವರ್ಷ ಎಲ್ಲಿ ಇಡುತ್ತೀರಿ? ಮಳೆಯನ್ನು ಹಿಡಿದಿಡುವ ಘಟ್ಟದ ಕಾಡನ್ನೇ ಏಕೆ ಆರಿಸಿದಿರಿ? ಅಲ್ಲಿಯ ಜನರನ್ನು ಕೇಳಿದಿರಾ? ವಿದ್ಯುತ್ತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಾರಂತರದ್ದೇ ಅಲ್ಲ, ಆದರೆ ಕೊನೆಯ ಪ್ರಶ್ನೆಗೆ ಉತ್ತರ ನನಗೂ ಸಿಕ್ಕಿಲ್ಲ. ಘಟ್ಟದ ಮಳೆ ಎಂದರೆ ಏನೆಂದು ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ಮಹಾಪೂರ ಬಂದದ್ದು ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆಯಿಂದಲೇ. ಅದೇ ಅಥಣಿ ತಾಲ್ಲೂಕಿನ ಒಂದು ಕಡೆ ಹೊಳೆ ನುಗ್ಗಿದರೆ, ಇನ್ನೊಂದು ಕಡೆ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯಬೇಕು.

ಚುನಾವಣೆ ಸೋತ ಮೇಲೆ ಕಾರಂತರು ಸುಮ್ಮನೆ ಕೂರಲಿಲ್ಲ. ಸಾಲಿಗ್ರಾಮದ ಮನೆಯಲ್ಲಿ ಬರೆಯುತ್ತಲೇ ಇದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ಕೈಗಾದಿಂದ ಆಗಿನ್ನೂ ವಿದ್ಯುತ್ ಬಂದಿರಲಿಲ್ಲ. ಬದುಕಿನ ಕೊನೆಯ ದಿನಗಳಲ್ಲಿ, 95ರ ಹತ್ತಿರದಲ್ಲಿ, ಅವರು ಬರೆದದ್ದು ಹಕ್ಕಿಗಳ ಮೇಲೊಂದು ಪುಸ್ತಕ. ಅದನ್ನು 2002ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯವರು ಹೊರತಂದರು.