ಭಾನುವಾರದ ಒಂಟಿತನದಿಂದ ಹುಟ್ಟಿದ ಕ್ಲಬ್ಬು

ನಮ್ಮ ಕ್ಯಾಂಪಸ್ಸಿನಲ್ಲಿ ರಕ್ತದಾನ ಶಿಬಿರ ಅಂದ್ರೆ ಎಲ್ಲರಿಗೂ ಗೊತ್ತು. ಒಂದು ಜ್ಯೂಸ್ ಪ್ಯಾಕೆಟ್ಟು, ಎರಡು ಬಿಸ್ಕತ್ತು, ಒಂದು ಸರ್ಟಿಫಿಕೇಟು, ಅದೃಷ್ಟ ಇದ್ದರೆ ಅರ್ಧ ದಿನದ ಅಟೆಂಡೆನ್ಸು. ಸೆಮಿನಾರ್ ಹಾಲಿನಲ್ಲಿ ಅತಿಥಿ ಉಪನ್ಯಾಸ ಅಂದ್ರೆ ಇನ್ನೂ ಚೆನ್ನಾಗಿ ಗೊತ್ತು: ಹಿಂದಿನ ಸಾಲು ಮೊದಲು ತುಂಬುತ್ತೆ. ಇವೆರಡನ್ನೂ ಓಡಾಡಿ ನಡೆಸುವ ರೋಟರಾಕ್ಟ್ ಗೆಳೆಯರ ಕೋಟಿನ ಮೇಲೆ ಹಲ್ಲುಚಕ್ರದ ಒಂದು ಪಿನ್ನು ಇರುತ್ತೆ. ಅದನ್ನು ಮೆಕ್ಯಾನಿಕಲ್ ವಿಭಾಗದ ಬ್ಯಾಡ್ಜು ಅಂದುಕೊಂಡವರು ನಮ್ಮಲ್ಲೇ ಇದ್ದಾರೆ. ಆ ಅಪಾರ್ಥದಲ್ಲೂ ಸ್ವಲ್ಪ ಅರ್ಥ ಇದೆ. ರೋಟರಿಯ ಆ ಚಕ್ರಕ್ಕೆ 24 ಹಲ್ಲು, 6 ಕಡ್ಡಿ, ನಡುವೆ ಒಂದು ಕೀವೇ. ಮೊದಲು ಕೀವೇ ಇರಲಿಲ್ಲ. ಅದಿಲ್ಲದೆ ಶಾಫ್ಟಿನಿಂದ ಚಕ್ರಕ್ಕೆ ಶಕ್ತಿ ದಾಟೋದು ಹೇಗೆ, ಈ ಚಕ್ರ ಯಾವ ಕೆಲಸಕ್ಕೂ ಬಾರದು ಎಂದು ತಾಂತ್ರಿಕ ತಿಳಿವಳಿಕೆ ಇದ್ದವರು ತಕರಾರು ತೆಗೆದ ಮೇಲೆ ಸೇರಿಸಿದ್ದು.

ಈ ಸಂಚಿಕೆಗೆ ಯಾರ ಬದುಕನ್ನು ಬರೆಯೋಣ ಅಂತ ಕೂತಾಗ ನಮಗೆ ಆ ಚಕ್ರದ ಹಿಂದಿದ್ದ ಮನುಷ್ಯ ನೆನಪಾದ. ಪಾಲ್ ಹ್ಯಾರಿಸ್. ಹೆಸರು ಕೇಳಿರುತ್ತೀರಿ, ರೋಟರಿಯವರು ಕೊಡುವ ಪಾಲ್ ಹ್ಯಾರಿಸ್ ಫೆಲೋ ಎಂಬ ಗೌರವದ ಮೂಲಕವಾದರೂ. ದೊಡ್ಡ ಸಮಾಜಸೇವಕ, ಹುಟ್ಟಿನಿಂದಲೇ ಪರೋಪಕಾರಿ ಇರಬೇಕು ಅಂದುಕೊಂಡೇ ಓದಲು ಶುರು ಮಾಡಿದೆವು. ಹಾಗೇನೂ ಇರಲಿಲ್ಲ.

ಪಾಲ್ ಪರ್ಸಿ ಹ್ಯಾರಿಸ್ ಹುಟ್ಟಿದ್ದು 1868ರ ಏಪ್ರಿಲ್ 19ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸಿನ್ ಎಂಬ ಊರಿನಲ್ಲಿ. ಅಪ್ಪನದು ಔಷಧಿ ಅಂಗಡಿ. ಅಂಗಡಿ ಮುಳುಗಿತು, ಸಂಸಾರ ಚದುರಿತು. ಮೂರು ವರ್ಷದ ಪಾಲ್ ತನ್ನ ಅಣ್ಣನ ಜೊತೆ ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಹಳ್ಳಿಗೆ, ಅಜ್ಜ ಅಜ್ಜಿಯ ಮನೆಗೆ ಬಂದ. ಬೆಟ್ಟಗಳ ನಡುವಿನ ಸಣ್ಣ ಊರು. ಯಾರ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಊರಿಗೆಲ್ಲ ತಿಳಿಯುವಂಥದ್ದು. ಅಜ್ಜ ಕಟ್ಟುನಿಟ್ಟಿನ, ಮಿತಭಾಷಿ ಮನುಷ್ಯ. ಜಾತಿ ಮತಗಳ ಬಗ್ಗೆ ಯಾರನ್ನೂ ಕೀಳಾಗಿ ಆಡಿದವರಲ್ಲ. ಮುಂದೆ ಹ್ಯಾರಿಸ್ ತನ್ನ ಕ್ಲಬ್ಬಿನಲ್ಲಿ ಹುಡುಕಿದ್ದು ಈ ಹಳ್ಳಿಯನ್ನೇ ಅಂತ ಅವನ ಆತ್ಮಕಥೆ ಓದಿದರೆ ಅನಿಸುತ್ತದೆ.

ಆದರೆ ಹುಡುಗ ಮಹಾ ತುಂಟ. ಬ್ಲ್ಯಾಕ್ ರಿವರ್ ಅಕಾಡೆಮಿಯಿಂದ ಹೊರಹಾಕಿಸಿಕೊಂಡ. ವರ್ಮಾಂಟ್ ವಿಶ್ವವಿದ್ಯಾಲಯ ಸೇರಿ, 1886ರ ಡಿಸೆಂಬರಿನಲ್ಲಿ ಅಲ್ಲಿಂದಲೂ ಹೊರಬಿದ್ದ. ವಿದ್ಯಾರ್ಥಿಗಳ ಗುಪ್ತ ಸಂಘವೊಂದರ ಗಲಾಟೆಯಲ್ಲಿ ಅವನ ಹೆಸರೂ ಸೇರಿತ್ತು. (ಅದೇ ವಿಶ್ವವಿದ್ಯಾಲಯ ಎಷ್ಟೋ ವರ್ಷದ ಮೇಲೆ ಕರೆದು ಗೌರವ ಪದವಿ ಕೊಟ್ಟಿತು. ಬ್ಯಾಕ್‌ಲಾಗ್ ಇರುವ ಗೆಳೆಯರು ಗಮನಿಸಿ.) ಆಮೇಲೆ ಪ್ರಿನ್ಸ್‌ಟನ್. ಅಲ್ಲಿ ಓದುತ್ತಿದ್ದಾಗಲೇ 1888ರಲ್ಲಿ ಅಜ್ಜ ತೀರಿಕೊಂಡರು, ಓದು ನಿಂತಿತು. ಅಮೃತಶಿಲೆ ಕಂಪನಿಯೊಂದರ ಆಫೀಸಿನಲ್ಲಿ ಸ್ವಲ್ಪ ಕಾಲ ದುಡಿದು, ಕಡೆಗೆ ಅಯೋವಾ ವಿಶ್ವವಿದ್ಯಾಲಯದಲ್ಲಿ 1891ರಲ್ಲಿ ಕಾನೂನು ಪದವಿ ಮುಗಿಸಿದ.

ಅತಿಥಿ ಉಪನ್ಯಾಸ ಅಂದ್ರೆ ಮೂಗು ಮುರಿಯುವವರು ಇಲ್ಲೊಂದು ಕ್ಷಣ ನಿಲ್ಲಬೇಕು. ಪದವಿ ಪಡೆಯುವ ಹುಡುಗರ ಮುಂದೆ ಮಾತಾಡಲು ಹಿರಿಯ ವಕೀಲರೊಬ್ಬರು ಬಂದಿದ್ದರು. ಹೊಸ ವಕೀಲರು ಮೊದಲು ಐದು ವರ್ಷ ಯಾವುದಾದರೂ ಸಣ್ಣ ಊರಿನಲ್ಲಿ ಇದ್ದು, ಮಾಡಬೇಕಾದ ಪೆದ್ದುತನವನ್ನೆಲ್ಲ ಅಲ್ಲೇ ಮಾಡಿ ಮುಗಿಸಿ, ಆಮೇಲೆ ದೊಡ್ಡ ನಗರಕ್ಕೆ ಹೋಗುವುದು ಒಳ್ಳೆಯದು ಎನ್ನುವುದು ಅವರ ಸಲಹೆ. ಉಳಿದವರು ನಕ್ಕು ಮರೆತಿರಬಹುದು. ಹ್ಯಾರಿಸ್ ತಲೆಗೆ ಅದು ಹೊಕ್ಕಿತು, ಆದರೆ ಅರ್ಧ ಮಾತ್ರ. ಐದು ವರ್ಷ ಎಂಬುದನ್ನು ಇಟ್ಟುಕೊಂಡ, ಪೆದ್ದುತನ ಎಂಬುದನ್ನೂ ಇಟ್ಟುಕೊಂಡ, ಸಣ್ಣ ಊರನ್ನು ಮಾತ್ರ ಬಿಟ್ಟ. ಐದು ವರ್ಷ ಲೋಕ ಸುತ್ತುತ್ತೇನೆ, ಆಮೇಲೆ ಶಿಕಾಗೋದಲ್ಲಿ ವಕೀಲಿ ಅಂತ ತೀರ್ಮಾನ ಮಾಡಿದ.

ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅವನ ರೆಸ್ಯೂಮೆ ಪೂರಾ ಎಕ್ಕುಟ್ಟೋಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪತ್ರಿಕಾ ವರದಿಗಾರ. ಫ್ರೆಸ್ನೋ ಬಳಿ ಒಣದ್ರಾಕ್ಷಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕೂಲಿ. ಲಾಸ್ ಏಂಜಲೀಸ್‌ನ ಬಿಸಿನೆಸ್ ಕಾಲೇಜಿನಲ್ಲಿ ಮೇಷ್ಟ್ರು. ಡೆನ್ವರ್‌ನಲ್ಲಿ ನಾಟಕ ಕಂಪನಿಯ ನಟ, ಆಮೇಲೆ ಅಲ್ಲೇ ಹತ್ತಿರ ದನ ಕಾಯುವ ಕೌಬಾಯ್. ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಹೋಟೆಲಿನ ರಾತ್ರಿ ಪಾಳಿ ಗುಮಾಸ್ತ. ಇಂಗ್ಲೆಂಡ್ ನೋಡುವ ಆಸೆಗೆ ಬಾಲ್ಟಿಮೋರ್‌ನಿಂದ ದನಗಳನ್ನು ಸಾಗಿಸುವ ಹಡಗು ಹತ್ತಿದ. ಆ ಹಡಗಿನ ಊಟ, ಗಲೀಜು, ಕೆಲಸದಾಳುಗಳ ಪಾಡು ಅವನನ್ನು ಬಹಳ ಕಾಲ ಕಾಡಿತು. ಕಡೆಗೆ ಜಾರ್ಜ್ ಕ್ಲಾರ್ಕ್ ಎಂಬ ವ್ಯಾಪಾರಿಯ ಅಮೃತಶಿಲೆ ಮತ್ತು ಗ್ರಾನೈಟಿನ ಮಾರಾಟ ಪ್ರತಿನಿಧಿಯಾಗಿ ಯುರೋಪನ್ನೂ ನೋಡಿಬಂದ. ಕ್ಲಾರ್ಕ್ ಇಲ್ಲೇ ಇದ್ದುಬಿಡು ಎಂದು ಕರೆದರು. ಐದು ವರ್ಷ ಮುಗಿದಿತ್ತು. 1896ರಲ್ಲಿ ಹ್ಯಾರಿಸ್ ಶಿಕಾಗೋಗೆ ಬಂದು ವಕೀಲಿ ಬೋರ್ಡು ಹಾಕಿದ.

ಎಲ್ಲಿ ಹೋದರೂ ಸ್ನೇಹಿತರನ್ನು ಮಾಡಿಕೊಂಡವನು ಶಿಕಾಗೋದಲ್ಲಿ ಸೋತ. ಕೆಲಸ ಸಿಕ್ಕಿತು, ಕಕ್ಷಿದಾರರು ಸಿಕ್ಕಿದರು, ಪರಿಚಯದವರು ನೂರಾರು ಜನ. ಆದರೆ ಭಾನುವಾರ, ಹಬ್ಬದ ದಿನ ಹೋಗಿ ಬಾಗಿಲು ತಟ್ಟಲು ಒಂದು ಮನೆ ಇಲ್ಲ. ಬಾಡಿಗೆ ಕೋಣೆಯಿಂದ ಪಾರ್ಕಿಗೆ, ಪಾರ್ಕಿನಿಂದ ಚರ್ಚಿಗೆ, ಮತ್ತೆ ಕೋಣೆಗೆ. ಹಾಸ್ಟೆಲಿನಲ್ಲಿ ಮೊದಲ ಸೆಮಿಸ್ಟರಿನ ಭಾನುವಾರ ಸಂಜೆ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೂಮ್‌ಮೇಟ್ ಊರಿಗೆ ಹೋಗಿರ್ತಾನೆ, ಮೆಸ್ಸಿನಲ್ಲಿ ರಾತ್ರಿ ಊಟ ಇರಲ್ಲ. ನಮಗೆ ಒಂದು ಸೆಮಿಸ್ಟರು. ಅವನಿಗೆ ವರ್ಷಗಟ್ಟಲೆ.

1900ರ ಬೇಸಿಗೆಯಲ್ಲಿ ಒಬ್ಬ ವಕೀಲ ಮಿತ್ರನ ಮನೆಗೆ ಊಟಕ್ಕೆ ಹೋಗಿದ್ದ. ಊಟವಾದ ಮೇಲೆ ಇಬ್ಬರೂ ಆ ಬಡಾವಣೆಯಲ್ಲಿ ಸುತ್ತಾಡಲು ಹೊರಟರು. ಮಿತ್ರ ದಾರಿಯುದ್ದಕ್ಕೂ ಅಂಗಡಿಯವರನ್ನು ಹೆಸರು ಹಿಡಿದು ಮಾತಾಡಿಸಿದ, ಇವನಿಗೆ ಪರಿಚಯ ಮಾಡಿಸಿದ. ಹ್ಯಾರಿಸ್‌ಗೆ ವಾಲಿಂಗ್‌ಫರ್ಡ್ ನೆನಪಾಯಿತು. ಬೇರೆ ಬೇರೆ ಕಸುಬಿನವರು, ಒಂದು ಕಸುಬಿಗೆ ಒಬ್ಬರಂತೆ, ಆಗಾಗ ಸೇರಿದರೆ ಹೇಗೆ? ಪೈಪೋಟಿ ಇರಲ್ಲ, ಸ್ನೇಹ ಇರುತ್ತೆ. ಐಡಿಯಾ ಬಂದದ್ದು ಅವತ್ತು, ಕೈಗೂಡಿದ್ದು ಐದು ವರ್ಷ ಬಿಟ್ಟು.

1905ರ ಫೆಬ್ರವರಿ 23, ಗುರುವಾರ. ಹ್ಯಾರಿಸ್ ತನ್ನ ಕಕ್ಷಿದಾರ, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ ಜೊತೆ ಇಟಾಲಿಯನ್ ಹೋಟೆಲಿನಲ್ಲಿ ಊಟ ಮುಗಿಸಿ, ಡಿಯರ್‌ಬಾರ್ನ್ ರಸ್ತೆಯ ಯೂನಿಟಿ ಬಿಲ್ಡಿಂಗಿನ 711ನೇ ಕೋಣೆಗೆ ಹೋದ. ಅದು ಗಸ್ಟಾವಸ್ ಲೋರ್ ಎಂಬವನ ಆಫೀಸು. ಲೋರ್ ಯಾರು ಗೊತ್ತಾ? ಗಣಿ ಎಂಜಿನಿಯರ್! ಜಗತ್ತಿನ ಮೊದಲ ರೋಟರಿ ಸಭೆ ನಡೆದದ್ದು ಒಬ್ಬ ಎಂಜಿನಿಯರನ ಕೋಣೆಯಲ್ಲಿ ಎಂಬುದನ್ನು ನಾವು ಹೆಮ್ಮೆಯಿಂದಲೇ ಬರೆಯುತ್ತಿದ್ದೇವೆ. ನಾಲ್ಕನೆಯವನು ಹೈರಮ್ ಶೋರಿ, ದರ್ಜಿ. ವಕೀಲ, ಕಲ್ಲಿದ್ದಲಿನವನು, ಎಂಜಿನಿಯರ್, ದರ್ಜಿ. ಸ್ವಲ್ಪ ದಿನಕ್ಕೆ ಹ್ಯಾರಿ ರಗಲ್ಸ್ ಎಂಬ ಮುದ್ರಕ ಸೇರಿಕೊಂಡು ಸಭೆಗೆ ಹಾಡು ತಂದ. ಇವತ್ತು ಒಬ್ಬರ ಆಫೀಸಿನಲ್ಲಿ, ಮುಂದಿನ ಸಲ ಇನ್ನೊಬ್ಬರ ಆಫೀಸಿನಲ್ಲಿ ಹೀಗೆ ಸರದಿಯ ಮೇಲೆ ಸೇರುತ್ತಿದ್ದರಿಂದ ರೋಟರಿ ಎಂಬ ಹೆಸರು. ಸದಸ್ಯರು ತಮ್ಮ ತಮ್ಮ ಕಸುಬಿನ ಬಗ್ಗೆ ಉಳಿದವರಿಗೆ ಮಾತಾಡೋರು. ಕ್ಲಬ್ಬಿನ ಭಾಷಣ ಶುರುವಾದದ್ದು ಹಾಗೆ. ದರ್ಜಿಯ ಮುಂದೆ ಕಲ್ಲಿದ್ದಲಿನ ಮಾತು, ವಕೀಲನ ಮುಂದೆ ಅಚ್ಚಿನ ಮೊಳೆಯ ಮಾತು.

ಸಮಾಜಸೇವೆ? ಅದರ ಸುದ್ದಿಯೇ ಇರಲಿಲ್ಲ. ಸ್ನೇಹ ಬೇಕಿತ್ತು, ಜೊತೆಗೆ ವ್ಯಾಪಾರ. ಯಾವ ಸದಸ್ಯ ಯಾವ ಸದಸ್ಯನಿಗೆ ಎಷ್ಟು ವ್ಯಾಪಾರ ಕೊಟ್ಟ ಅಂತ ಲೆಕ್ಕ ಬರೆದಿಡಲು ಒಬ್ಬರನ್ನು ನೇಮಿಸಿಕೊಂಡಿದ್ದರು. ಈ ಮಾತನ್ನು ಮುಚ್ಚಿಡಬೇಕಾದ್ದಿಲ್ಲ, ಹ್ಯಾರಿಸ್ ಕೂಡ ಮುಚ್ಚಿಡಲಿಲ್ಲ.

ತಿರುವು ಬಂದದ್ದು ಒಬ್ಬ ಸೇರಲ್ಲ ಅಂದದ್ದರಿಂದ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನನ್ನು ಕ್ಲಬ್ಬಿಗೆ ಕರೆದರು. ಅವನು ನಿಯಮಾವಳಿ ಓದಿ ನೋಡಿದ. ಎಲ್ಲವೂ ಸದಸ್ಯರ ಲಾಭಕ್ಕೇ ಇದೆ, ಊರಿಗೆ ಏನೂ ಇಲ್ಲ, ಇಂಥ ಸಂಘ ಬಹಳ ದಿನ ಬಾಳುವುದಿಲ್ಲ, ತನಗೆ ಬೇಡ ಎಂದ. ಸಾಮಾನ್ಯವಾಗಿ ನಾವು ಏನ್ಮಾಡ್ತೀವಿ? ಬರದಿದ್ರೆ ಬೇಡ ಬಿಡು, ದೊಡ್ಡ ಮನುಷ್ಯ, ಅಂತ ವಾಟ್ಸಾಪ್ ಗುಂಪಿನಿಂದ ತೆಗೀತೀವಿ. ಅವರು ನೀನೇ ಬಂದು ತಿದ್ದು ಎಂದು ಕರೆದರು. ಊರಿನ ಹಿತವೂ ಕ್ಲಬ್ಬಿನ ಗುರಿ ಎಂಬ ಮಾತು ನಿಯಮಾವಳಿಗೆ ಸೇರಿತು. ಹ್ಯಾರಿಸ್ 1907ರಲ್ಲಿ ಕ್ಲಬ್ಬಿನ ಅಧ್ಯಕ್ಷನಾದ ಮೇಲೆ ಈ ದಾರಿಯನ್ನೇ ಗಟ್ಟಿಯಾಗಿ ಹಿಡಿದ.

ಮೊದಲ ದೊಡ್ಡ ಕೆಲಸ ಏನು ಅಂತೀರಿ? ಸಾರ್ವಜನಿಕ ಶೌಚಾಲಯ. ಶಿಕಾಗೋದ ಪೇಟೆ ನಡುವೆ ಅಂಥದ್ದೊಂದು ಇರಲಿಲ್ಲ. ಗಂಡಸರು ಮದ್ಯದಂಗಡಿಗೆ ನುಗ್ಗಬೇಕು, ಹೆಂಗಸರು ದೊಡ್ಡ ಬಟ್ಟೆ ಅಂಗಡಿಗಳಿಗೆ ಹೋಗಬೇಕು. ಗಂಡಸರು ಬಂದರೆ ಒಂದು ಗ್ಲಾಸ್ ಬಿಯರ್ ವ್ಯಾಪಾರ, ಹೆಂಗಸರು ಬಂದರೆ ಏನಾದರೂ ಕೊಳ್ಳುತ್ತಾರೆಂಬ ಆಸೆ. ಆದ್ದರಿಂದ ವಿರೋಧಿಸಿದವರೂ ಅವರೇ. ಊರಿನ ಬೇರೆ ಸಂಘಗಳನ್ನು ಕೂಡಿಸಿಕೊಂಡು ಎರಡು ವರ್ಷ ನಗರಾಡಳಿತದ ಬೆನ್ನು ಹತ್ತಿದ ಮೇಲೆ 1909ರಲ್ಲಿ ಸಿಟಿ ಹಾಲ್ ಪಕ್ಕ ಅದು ಎದ್ದು ನಿಂತಿತು. ಫೋಟೋಗೆ ಒಪ್ಪುವ ಸೇವೆಯೇನಲ್ಲ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಪರದಾಡಿದ ನಮ್ಮ ಹುಡುಗಿಯರಿಗೆ ಇದರ ಬೆಲೆ ಗೊತ್ತು.

ಹ್ಯಾರಿಸ್‌ಗೆ ಇಷ್ಟಕ್ಕೆ ಸಾಲದು. ಬೇರೆ ಊರಿನಲ್ಲೂ ಕ್ಲಬ್ ಬೇಕು. ಶಿಕಾಗೋದ ಗೆಳೆಯರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ನಮ್ಮ ಪಾಡಿಗೆ ನಾವು ಹಾಡಿಕೊಂಡು ಚೆನ್ನಾಗಿದ್ದೆವು, ದೇಶದ ಉಸಾಬರಿ ಯಾಕೆ ಎಂಬ ಗೊಣಗಾಟ. ಹ್ಯಾರಿಸ್ ಅಧ್ಯಕ್ಷಗಿರಿ ಬಿಟ್ಟು, ಪತ್ರ ಬರೆಯುತ್ತ, ತನ್ನ ಕೈಯಿಂದ ಖರ್ಚು ಹಾಕುತ್ತ ಹರಡುವ ಕೆಲಸಕ್ಕೆ ಬಿದ್ದ. 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡನೆಯ ಕ್ಲಬ್. 1910ರ ಆಗಸ್ಟಿನಲ್ಲಿ 16 ಕ್ಲಬ್ಬುಗಳು ಶಿಕಾಗೋದಲ್ಲಿ ಸೇರಿ ರಾಷ್ಟ್ರೀಯ ಸಂಘ ಮಾಡಿಕೊಂಡವು, ಹ್ಯಾರಿಸ್ ಮೊದಲ ಅಧ್ಯಕ್ಷ. ಚೆಸ್ಲಿ ಪೆರ್ರಿ ಎಂಬ ಕಾರ್ಯದರ್ಶಿ 1942ರವರೆಗೂ ಅದರ ಕಡತ, ಲೆಕ್ಕ, ಪತ್ರವ್ಯವಹಾರ ಎಲ್ಲ ಹೊತ್ತ. ನಮಗೆ ಅನಿಸುವಂತೆ ರೋಟರಿ ಉಳಿದದ್ದರಲ್ಲಿ ಪೆರ್ರಿಯ ಪಾಲು ಹ್ಯಾರಿಸ್‌ನಷ್ಟೇ ದೊಡ್ಡದು. ಫೆಸ್ಟ್ ನಡೆಸಿದವರು ಒಪ್ಪುತ್ತೀರಿ.

ಬೆಳೆದದ್ದಕ್ಕೆ ಬೆಲೆಯೂ ತೆರಬೇಕಾಯಿತು. 711ನೇ ಕೋಣೆಯ ಎಂಜಿನಿಯರ್ ಲೋರ್ ಕೆಲವೇ ವರ್ಷಕ್ಕೆ ಕ್ಲಬ್ ಬಿಟ್ಟ. ದರ್ಜಿ ಶೋರಿಯೂ ಬಿಟ್ಟ. 1912ರಲ್ಲಿ ಅಧ್ಯಕ್ಷ ಪದವಿ ಇಳಿಯುವ ಹೊತ್ತಿಗೆ ಹ್ಯಾರಿಸ್‌ನ ಆರೋಗ್ಯ ಕುಸಿದಿತ್ತು. ಅಂದಿನಿಂದ ಬಹಳ ವರ್ಷ ಅವನು ತಾನೇ ಕಟ್ಟಿದ ಸಂಸ್ಥೆಯ ನಡುಮನೆಯಿಂದ ದೂರವೇ ಇದ್ದ.

ಅಷ್ಟರಲ್ಲಿ ಮನೆಯೊಂದು ಆಗಿತ್ತು. 1910ರ ಚಾರಣವೊಂದರಲ್ಲಿ ಬೇಲಿಯ ಮುಳ್ಳುತಂತಿ ತಗುಲಿ ಅವನ ಕೋಟು ಹರಿದಾಗ ಹೊಲಿದುಕೊಡಲು ಮುಂದೆ ಬಂದವಳು ಜೀನ್ ಥಾಮ್ಸನ್, ಎಡಿನ್‌ಬರೋದವಳು. ಕೆಲವೇ ತಿಂಗಳಲ್ಲಿ ಮದುವೆ. ಊರ ಹೊರಗಿನ ಬೆಟ್ಟದ ಮೇಲೆ ಕೊಂಡ ಮನೆಗೆ ಅವಳ ಊರಿನ ಬೀದಿಯ ನೆನಪಿಗೆ ಕಮ್ಲಿ ಬ್ಯಾಂಕ್ ಎಂದು ಹೆಸರಿಟ್ಟರು. ಮಕ್ಕಳಾಗಲಿಲ್ಲ. ಶಿಕಾಗೋದಲ್ಲಿ ಭಾನುವಾರ ಹೋಗಲು ಮನೆಯಿಲ್ಲದೆ ಅಲೆದವನ ಮನೆಗೆ ಮುಂದೆ ದೇಶ ದೇಶದವರು ಬರತೊಡಗಿದರು. 1920ರ ದಶಕದ ಕೊನೆಯಿಂದ ಗಂಡ ಹೆಂಡತಿ ಯುರೋಪ್, ದಕ್ಷಿಣ ಆಫ್ರಿಕಾ, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಸುತ್ತಿದರು. ಹೋದಲ್ಲೆಲ್ಲ ಸ್ನೇಹಕ್ಕೆಂದು ಒಂದೊಂದು ಗಿಡ ನೆಟ್ಟ.

ನಮ್ಮ ದೇಶದ ಮೊದಲ ಕ್ಲಬ್ ಕಲ್ಕತ್ತಾದ್ದು, 1920ರ ಜನವರಿ 1ರಂದು ಮಾನ್ಯತೆ ಪಡೆದದ್ದು. ಬೆಂಗಳೂರಿಗೆ ಬಂದದ್ದು 1934ರಲ್ಲಿ. ಕಾಲೇಜು ಹುಡುಗರ ರೋಟರಾಕ್ಟ್ ಹ್ಯಾರಿಸ್ ಕಾಲದ್ದಲ್ಲ. 1968ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಅದು ಶುರುವಾಯಿತು. ಒಂದು ಮಾತು ಇಲ್ಲಿ ಹೇಳದೆ ಹೋದರೆ ಮೋಸವಾಗುತ್ತದೆ. ಒಂಟಿತನ ಬಲ್ಲ ಮನುಷ್ಯ ಕಟ್ಟಿದ ಈ ಕ್ಲಬ್ಬಿನ ಬಾಗಿಲು ಹೆಂಗಸರಿಗೆ 80ಕ್ಕೂ ಹೆಚ್ಚು ವರ್ಷ ಮುಚ್ಚಿತ್ತು. 1978ರಲ್ಲಿ ಹೆಂಗಸರನ್ನು ಸೇರಿಸಿಕೊಂಡ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡರು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ಹೆಂಗಸರ ಪರ ತೀರ್ಪು ಬಂತು. 1989ರಲ್ಲಿ ರೋಟರಿ ತನ್ನ ನಿಯಮ ಬದಲಿಸಿತು. ಈಗ ನಮ್ಮ ಶಿಬಿರಗಳಲ್ಲಿ ಪಟ್ಟಿ ಹಿಡಿದು ಎಲ್ಲರನ್ನೂ ಗದರಿಸಿ ಕೆಲಸ ತೆಗೆಯುವವರು ಹೆಚ್ಚಾಗಿ ಹುಡುಗಿಯರೇ.

ಹ್ಯಾರಿಸ್ ತೀರಿಕೊಂಡದ್ದು 1947ರ ಜನವರಿ 27ರಂದು, ಶಿಕಾಗೋದಲ್ಲಿ. ತನಗೆ ಹೂವು ಬೇಡ, ಆ ದುಡ್ಡು ರೋಟರಿ ಫೌಂಡೇಶನ್‌ಗೆ ಹೋಗಲಿ ಎಂಬುದು ಅವನ ಇಷ್ಟವಾಗಿತ್ತು. 1917ರಲ್ಲಿ ಶುರುವಾಗಿ, ಮೊದಲ ಕಾಣಿಕೆಯಾಗಿ 26 ಡಾಲರ್ 50 ಸೆಂಟ್ ಪಡೆದು, ಮೂವತ್ತು ವರ್ಷ ತೆವಳುತ್ತಿದ್ದ ನಿಧಿ ಅದು. ಅವನ ಹೆಸರಿನಲ್ಲಿ ದುಡ್ಡು ಹರಿದುಬಂತು. ಅದೇ ವರ್ಷ 18 ವಿದ್ಯಾರ್ಥಿಗಳು ಅದರ ವಿದ್ಯಾರ್ಥಿವೇತನದಲ್ಲಿ ಬೇರೆ ದೇಶಕ್ಕೆ ಓದಲು ಹೊರಟರು.

ಅವನ ಸಮಾಧಿ ಶಿಕಾಗೋದ ಮೌಂಟ್ ಹೋಪ್ ಸ್ಮಶಾನದಲ್ಲಿದೆ. ಪಕ್ಕದಲ್ಲಿ ಮಲಗಿರುವವನು ಸಿಲ್ವೆಸ್ಟರ್ ಶೀಲೆ, ಮೊದಲ ಸಭೆಯ ಸಂಜೆ ಜೊತೆಗೆ ಊಟ ಮಾಡಿ 711ನೇ ಕೋಣೆಯವರೆಗೆ ಜೊತೆಯಲ್ಲಿ ನಡೆದುಬಂದ ಕಲ್ಲಿದ್ದಲು ವ್ಯಾಪಾರಿ.