ಮೂರು ನಿಮಿಷದ ಗೌಹರ್ ಜಾನ್

ಹಾಸ್ಟೆಲಿನಲ್ಲಿ ಒಂದು ಜಗಳ ಯಾವತ್ತೂ ಮುಗಿಯೋದಿಲ್ಲ. ತುಂಬಾ ಹೆಸರು ಮಾಡಿದ ಗಾಯಕರ ಹಾಡು ಕಿವಿಗೆ ಬಿದ್ದ ಕೂಡಲೇ ಅರ್ಧ ಜನ ವಾಹ್ ಅಂತಾರೆ, ಉಳಿದವರು ಬರೀ ಪ್ರಚಾರ ಅಂತಾರೆ. ಇದು ನಮ್ಮ ಕಾಲದ ಜಗಳ ಅಂತಲೇ ನಾವು ಅಂದುಕೊಂಡಿದ್ದೆವು. ಆದರೆ ಶತಮಾನದ ಹಿಂದೆಯೇ ಗೌಹರ್ ಜಾನ್ ಅವರ ಸುತ್ತ ಇದೇ ಜಗಳ ನಡೆದಿತ್ತು. ಅವರು ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲೇ.

ಹುಟ್ಟಿದ್ದು 1873ರಲ್ಲಿ, ಈಗಿನ ಉತ್ತರ ಪ್ರದೇಶದ ಆಜಮ್‌ಗಢದಲ್ಲಿ. ಮೊದಲ ಹೆಸರು ಏಂಜಲೀನಾ. ಅಪ್ಪ ಅಮ್ಮ ಬೇರೆಯಾದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಬನಾರಸಿಗೆ ಬಂದರು, ಇಸ್ಲಾಂಗೆ ಸೇರಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ಮುಂದೆ ಕಲ್ಕತ್ತಾ. ಅಲ್ಲಿ ಹಾಡು, ಕಥಕ್ ಎರಡರಲ್ಲೂ ಪಳಗಿ, 1887ರಲ್ಲಿ ದರ್ಭಾಂಗಾ ಅರಮನೆಯಲ್ಲಿ ಮೊದಲ ಕಛೇರಿ ಕೊಟ್ಟಾಗ ವಯಸ್ಸು ಹದಿನಾಲ್ಕರ ಆಸುಪಾಸು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದರು. ಇಲ್ಲಿ ನಮ್ಮಂಥ ಇಂಜಿನಿಯರಿಂಗ್ ಮಂದಿ ಸ್ವಲ್ಪ ನಿಲ್ಲಬೇಕು. ಆಗ ರೆಕಾರ್ಡಿಂಗಿಗೆ ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಒಂದು ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು ಜೋರಾಗಿ ಹಾಡಬೇಕು. ಆ ದನಿಯ ಒತ್ತಡಕ್ಕೇ ಸೂಜಿ ಅಲುಗಾಡಿ ಮೇಣದ ತಟ್ಟೆಯ ಮೇಲೆ ಗೀರು ಕೊರೆಯಬೇಕು. ಸಿಗುವುದು ಎರಡು-ಮೂರು ನಿಮಿಷ, ಅಷ್ಟೇ. ತಪ್ಪಿದರೆ ಎಡಿಟ್ ಮಾಡೋಕೆ ಆಗಲ್ಲ, ಮತ್ತೆ ಮೊದಲಿಂದ. ತಟ್ಟೆ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಚ್ಚಾಗಿ ಬರಬೇಕು. ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಲಿ ಎಂದು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಗುರುತಿಗೆಂದು ಹೇಳಿದ್ದೇ ಅವರ ಟ್ರೇಡ್‌ಮಾರ್ಕ್ ಆಯಿತು.

ಮುಂದಿನ ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಾರು ರೆಕಾರ್ಡು ಬಂದವು. ಅವರ ಚಿತ್ರ ಬೆಂಕಿಪೊಟ್ಟಣದ ಮೇಲೂ ಬಂತು. 1911ರ ದೆಹಲಿ ದರ್ಬಾರಿನಲ್ಲಿ ಜಾನಕಿ ಬಾಯಿ ಜೊತೆ ಹಾಡಿದರು. ಒಡವೆ, ಕುದುರೆಗಾಡಿಗಳ ಕಥೆಗಳಂತೂ ಊರೆಲ್ಲ ಹಬ್ಬಿದವು. ಅವುಗಳಲ್ಲಿ ನಿಜವೆಷ್ಟು, ಬಣ್ಣವೆಷ್ಟು ಅಂತ ಬೇರ್ಪಡಿಸೋದು ಕಷ್ಟ.

ಆಗ ಬಂತು ಭಿನ್ನಾಭಿಪ್ರಾಯ. ರಾತ್ರಿಯಿಡೀ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಿದರೆ ಅದು ಸಂಗೀತವೇ ಅಂತ ಕೆಲವು ಉಸ್ತಾದರು ಕೇಳಿದರು. ಯಂತ್ರ ದನಿಯನ್ನೇ ಕಿತ್ತುಕೊಳ್ಳುತ್ತೆ ಅಂತ ಹೆದರಿದವರೂ ಇದ್ದರು. ತವಾಯಫರ ಹಾಡು ಮರ್ಯಾದಸ್ಥರಿಗಲ್ಲ ಎಂದವರು ಬೇರೆ. ಆದರೆ ಕೋಠಿಯ ಮೆಟ್ಟಿಲು ಹತ್ತದ ಮನೆಗಳ ಒಳಗೂ ತಟ್ಟೆಯ ಮೂಲಕ ಅದೇ ದನಿ ಹೊಕ್ಕಿತು.

ಯಾರು ಸರಿ? ನಮಗನಿಸೋದು, ಇಬ್ಬರೂ. ಗೌಹರ್ ಜಾನ್ ಸಮಯವನ್ನು ಲೆಕ್ಕ ಹಾಕಿ ಆಲಾಪ, ಪಲ್ಲವಿ, ತಾನ್ ಎಲ್ಲವನ್ನೂ ಆ ಗೀರುಗಳಲ್ಲಿ ಕೂರಿಸಿದರು. ಅದು ಬರೀ ಪ್ರಚಾರದಿಂದ ಆಗುವ ಕೆಲಸವಲ್ಲ. ಆದರೆ ಮೆಹಫಿಲಿನಲ್ಲಿ ಗಂಟೆಗಟ್ಟಲೆ ಅವರು ಹೇಗೆ ರಾಗ ಬೆಳೆಸುತ್ತಿದ್ದರು ಅನ್ನೋದು ನಮಗೆ ಸಿಗದೇ ಹೋಯಿತು. ಆ ನಷ್ಟವೂ ನಿಜ.

ಖ್ಯಾತಿ ಕೊನೆತನಕ ಕಾಯಲಿಲ್ಲ. ನಂಬಿದವರ ಜೊತೆಗಿನ ಕೋರ್ಟು ಕಚೇರಿ ಅಲೆದಾಟದಲ್ಲಿ ಆಸ್ತಿ ಕರಗಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕರೆಸಿಕೊಂಡು 1928ರಲ್ಲಿ ಆಸ್ಥಾನ ಗಾಯಕಿಯಾಗಿ ನೇಮಿಸಿದರು. ಆದರೆ 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಮುಂದೆ ನಮ್ಮ ಬೆಂಗಳೂರಿನ ವಿಕ್ರಮ್ ಸಂಪತ್ ಅವರ ಜೀವನಚರಿತ್ರೆ ಬರೆದರು.

ಯೂಟ್ಯೂಬಿನಲ್ಲಿ ಆ ರೆಕಾರ್ಡುಗಳು ಸಿಗುತ್ತವೆ. ಇಯರ್‌ಫೋನ್ ಹಾಕಿ ಒಂದನ್ನು ಕೇಳಿ. ಮೊದಲು ಬರೀ ಕರಕರ ಅನ್ಸುತ್ತೆ. ಮಧ್ಯದಲ್ಲಿ ಸ್ಕಿಪ್ ಮಾಡಬೇಡಿ, ಕೊನೆಗೆ ಅವರೇ ಹೆಸರು ಹೇಳ್ತಾರೆ. ಜಗಳ ಆಮೇಲೆ ಆಡೋಣ.